ಹೇಳದೆ ಕೊಟ್ಟ ಮದ್ದು

ನನ್ನ ಕೈಕಾಲು ಹಿಡಿದು ಸೂಜಿ ಚುಚ್ಚಿದವರ ಮೇಲೆ ನನಗೆ ಕೋಪವಿಲ್ಲ. ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ. ಬೇಡ ಬೇಡವೆಂದು ಕಿರುಚುತ್ತಿದ್ದವಳನ್ನು ಮಂಚಕ್ಕೆ ಒತ್ತಿ ಹಿಡಿದು ಇಂಜೆಕ್ಷನ್ ಕೊಟ್ಟರಲ್ಲ, ಅವರನ್ನು ಕ್ಷಮಿಸಿಬಿಟ್ಟೆಯಾ ಎನ್ನುತ್ತಾರೆ. ಕ್ಷಮಿಸಿದ್ದೇನೆ. ಇವತ್ತಿಗೂ ಗಂಟಲಿನಿಂದ ಕೆಳಗಿಳಿಯದೆ ಉಳಿದಿರುವುದು ಅಮ್ಮ ನಗುನಗುತ್ತಾ ಕೊಟ್ಟ ಒಂದು ಲೋಟ ಮಜ್ಜಿಗೆ.

ಕಾಯಿಲೆಯಿಂದ ಎದ್ದು ಬಂದು ಸ್ವಲ್ಪ ಕಾಲವಾಯಿತು. ಎದ್ದು ಬಂದೆ ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಜೊತೆಯಲ್ಲೇ ಇದೆ, ಲೋಕಲ್ ರೈಲಿನ ಪಕ್ಕದ ಸೀಟಿನಲ್ಲಿ ತೂಕಡಿಸುತ್ತಾ ಕೂತ ಹೆಂಗಸಿನ ಹಾಗೆ. ನಾನು ಮಾತ್ರೆ ನುಂಗುತ್ತೇನೆ, ಬೆಳಿಗ್ಗೆ ವಿಲೆ ಪಾರ್ಲೆಯಿಂದ ಬೈಕುಲ್ಲಾಕ್ಕೆ ಹೋಗುತ್ತೇನೆ, ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಅಮ್ಮನೂ ನಾನೂ ಒಂದೇ ಮನೆಯಲ್ಲಿದ್ದೇವೆ. ಆದರೆ ಅಮ್ಮ ಮಾಡಿದ್ದನ್ನು ನಾನು ಉಣ್ಣುವುದಿಲ್ಲ. ಎಂದಾದರೂ ಉಂಡೇನೇ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿಲ್ಲ. ಇಂಥದ್ದೇ ಯಾವುದೋ ಮನೆಯಲ್ಲಿ ಇಂಥದ್ದೇ ಲೋಟದ ಮುಂದೆ ಯಾರಾದರೂ ಕೂತಿದ್ದರೆ, ಕೊಡುವವರಾಗಲಿ ಕುಡಿಯುವವರಾಗಲಿ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹೋಟೆಲ್ ಸಣ್ಣದು. ಅಪ್ಪ ಉಡುಪಿ ಕಡೆಯಿಂದ ಬಂದು, ಯಾರದೋ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಕೊನೆಗೆ ಸ್ವಂತದ್ದು ಮಾಡಿದವರು. ಅವರದೊಂದು ಕಟ್ಟುನಿಟ್ಟು ಇತ್ತು. ಬೆಳಿಗ್ಗೆ ಶಟರ್ ಮೇಲೇಳುವ ಮೊದಲು ಸಾಂಬಾರು, ಚಟ್ನಿ, ಮಜ್ಜಿಗೆ ಎಲ್ಲವನ್ನೂ ಮನೆಯವರೊಬ್ಬರು ರುಚಿ ನೋಡಬೇಕು. ಅಡುಗೆ ಭಟ್ಟರು ಸೌಟಿನಿಂದ ಅಂಗೈಗೆ ಚೂರು ಬಿಡುತ್ತಾರೆ, ಮನೆಯವರು ನೆಕ್ಕಿ ತಲೆಯಾಡಿಸಿದರೆ ಮಾತ್ರ ಅದು ಗಿರಾಕಿಯ ಟೇಬಲ್ಲಿಗೆ ಹೋಗುತ್ತದೆ. ನಾವು ಬಾಯಿಗಿಡದ್ದನ್ನು ಇನ್ನೊಬ್ಬರ ಬಾಯಿಗೆ ಇಡಬಾರದು ಎಂದು ಅಪ್ಪ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅಣ್ಣ ಸುಧಾಕರ ವ್ಯವಹಾರದಲ್ಲಿ ಗಟ್ಟಿಗ, ಆದರೆ ನಾಲಿಗೆಗೆ ಏನೂ ತಿಳಿಯದು. ಉಪ್ಪು ಮರೆತ ಸಾಂಬಾರಿಗೂ ಫಸ್ಟ್‌ಕ್ಲಾಸ್ ಎನ್ನುವವನು. ನನಗೆ ಹುಣಸೆಹಣ್ಣು ಹೋದ ವರ್ಷದ್ದೋ ಈ ವರ್ಷದ್ದೋ ಎಂದು ಹೇಳಲು ಬರುತ್ತಿತ್ತು. ಭಟ್ಟರು ನನ್ನನ್ನು ಕಂಡರೆ ಹೆದರುತ್ತಿದ್ದರು, ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಮನೆಯಲ್ಲಿ ಅಮ್ಮನದೂ ಅದೇ ಕ್ರಮ. ಒಗ್ಗರಣೆ ಹಾಕಿ, ಅಂಗೈಗೆ ಒಂದು ಹನಿ ಬಿಟ್ಟು ನೋಡದೆ ಅವಳು ಯಾರಿಗೂ ಏನನ್ನೂ ಬಡಿಸಿದ್ದು ನಾನು ಕಂಡಿಲ್ಲ.

ನಮ್ಮದು ತುಳು ಮಾತಾಡುತ್ತಿದ್ದ ಮನೆ. ಅಣ್ಣ ಧಾರವಾಡದ ಶೋಭಾ ಅತ್ತಿಗೆಯನ್ನು ಮದುವೆಯಾದ ಮೇಲೆ ಮನೆಯ ಮಾತು ಕನ್ನಡಕ್ಕೆ ತಿರುಗಿತು. "ನೀವು ತುಳುವಿನ್ಯಾಗ ನನ್ನ ಹೊಗಳಾಕತ್ತೀರೋ ಬೈಯಾಕತ್ತೀರೋ ತಿಳಿಯೂದಿಲ್ಲ" ಎಂದು ಅತ್ತಿಗೆ ಬಂದ ಹೊಸದರಲ್ಲೇ ಹೇಳಿದ್ದರು. ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮ ಮನೆಗೆ ಅವರೊಂದಿಗೇ ಬಂದದ್ದು. ಅಮ್ಮ, ಅಣ್ಣ, ನಾನು ಮೂವರೂ ಹೊಟ್ಟೆ ತುಂಬಿಸಿ ಸಮಾಧಾನ ಮಾಡುವ ಜನ.

ಕಾಯಿಲೆ ಹೋಟೆಲಿನಲ್ಲೇ ಶುರುವಾಯಿತು. ವೇಟರುಗಳು ಒಳಗೆ ಕೂಗಿ ಹೇಳುವ ಆರ್ಡರುಗಳಲ್ಲಿ ನನಗೆ ನನ್ನ ಸುದ್ದಿ ಕೇಳಿಸತೊಡಗಿತು. "ದೋ ಇಡ್ಲಿ, ಸಾಂಬಾರ್ ಅಲಗ್", ಅಂದರೆ ಸಾಂಬಾರು ಬೇರೆ, ಎಂದು ಕೂಗಿದರೆ, ನನ್ನನ್ನು ಮನೆಯಿಂದ ಬೇರೆ ಮಾಡುವ ಮಾತು ನಡೆದಿದೆ ಎನಿಸುತ್ತಿತ್ತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಯಾರದೋ ದನಿಯಲ್ಲಿ ಮಾತಾಡುತ್ತಿತ್ತು. ನಿದ್ದೆ ಹೋಯಿತು. ಗಿರಾಕಿಗಳ ಮುಖ ನೋಡುವುದೇ ಬಿಟ್ಟೆ.

ಅಮ್ಮ ಇದಕ್ಕೆ ತನಗೆ ತಿಳಿದ ಕಾರಣ ಹುಡುಕಿದಳು. ಹೋಟೆಲು ನಡೆಯುವುದನ್ನು ಕಂಡು ಹೊಟ್ಟೆ ಉರಿದವರು ಯಾರೋ ಊಟದಲ್ಲಿ ಕೈಮದ್ದು ಹಾಕಿದ್ದಾರೆ ಎಂದಳು. ಧಾರಾವಿಯಲ್ಲಿ ಕೈಮದ್ದು ಕಕ್ಕಿಸುವ ಅಜ್ಜಿಯೊಬ್ಬಳಿದ್ದಾಳೆಂದು ಯಾರೋ ಹೇಳಿದರು, ಕರೆದುಕೊಂಡು ಹೋದಳು. ಅಜ್ಜಿ ಕೊಟ್ಟ ಸೊಪ್ಪಿನ ರಸ ಕುಡಿದು ಕರುಳು ಬಾಯಿಗೆ ಬರುವಷ್ಟು ವಾಂತಿ ಮಾಡಿದೆ. ಅಮ್ಮ ನನ್ನ ಬೆನ್ನು ಸವರುತ್ತಾ ನಿಂತಿದ್ದಳು. "ಹೋಯ್ತು ಮಗಾ, ಎಲ್ಲ ಹೊರಗೆ ಹೋಯ್ತು" ಎಂದಳು. ಆದರೆ ಅಂದಿನಿಂದ ನನ್ನ ತಲೆಯೊಳಗೆ ಒಂದು ಹೊಸ ಯೋಚನೆ ಬಂದು ಕೂತಿತು: ನನ್ನ ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ. ಆ ಯೋಚನೆಯನ್ನು ತಲೆಯಲ್ಲಿ ಇಟ್ಟದ್ದು ಕಾಯಿಲೆಯಲ್ಲ, ಅಮ್ಮ. ಪಾಪ, ಅವಳಿಗೇನು ಗೊತ್ತಿತ್ತು.

ಆಮೇಲೆ ಪಾರ್ಲೆಯ ಒಂದು ಕ್ಲಿನಿಕ್. ಮನೋವೈದ್ಯರ ಹೊರಕೋಣೆಯಲ್ಲಿ ಕೂತವರು ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಎಲ್ಲರ ಕಣ್ಣೂ ಮೂಲೆಯ ಮೀನಿನ ತೊಟ್ಟಿಯ ಮೇಲೆ. ಒಂದು ಸಲ ನಮ್ಮವರೇ ಒಬ್ಬರು, ಊರಿನ ಸಂಘದ ಕಾರ್ಯಕ್ರಮದಲ್ಲಿ ಸದಾ ಮುಂದಿನ ಸಾಲಿನಲ್ಲಿ ಕೂರುವ ಹೋಟೆಲ್ ಮಾಲಿಕರ ಹೆಂಡತಿ, ಒಳಗೆ ಬಂದರು. ನಮ್ಮನ್ನು ಕಂಡವರೇ ಪೇಪರ್ ಎತ್ತಿ ಮುಖಕ್ಕೆ ಹಿಡಿದರು. ಅಮ್ಮ ಸೆರಗು ಎಳೆದುಕೊಂಡಳು. ನನಗೆ ಆ ಸ್ಥಿತಿಯಲ್ಲೂ ನಗು ಬಂತು. ಯಾರು ಯಾರಿಂದ ಅಡಗುತ್ತಿದ್ದಾರೆ ಎಂದು ಮೀನುಗಳಿಗೂ ಗೊತ್ತಾಗಿರಬೇಕು.

ಡಾಕ್ಟರು ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಹೇಳಿದರು, ಅಣ್ಣನಿಗೆ. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅಣ್ಣನ ಕೈಯಿಂದ ಕಾರಿನ ಕೀಲಿ ಕೆಳಗೆ ಬಿತ್ತು. ಮಾತ್ರೆ ಬರೆದುಕೊಟ್ಟರು. ಅದರಿಂದ ದನಿಗಳು ಸ್ವಲ್ಪ ದೂರ ಸರಿದವು ನಿಜ, ಆದರೆ ನನ್ನ ನಾಲಿಗೆ ಸತ್ತುಹೋಯಿತು. ಸಾಂಬಾರು ನೆಂದ ರಟ್ಟಿನ ಹಾಗೆ, ಚಟ್ನಿ ಸುಣ್ಣದ ಹಾಗೆ. ಒಂದು ಬೆಳಿಗ್ಗೆ ಹುಳಿ ಬಂದ ಚಟ್ನಿಗೆ ತಲೆಯಾಡಿಸಿಬಿಟ್ಟೆ. ಗಿರಾಕಿಯೊಬ್ಬರು ಪ್ಲೇಟು ತಂದು ಗಲ್ಲಾದ ಮೇಲಿಟ್ಟು, "ಬೇಟಿ, ಚಖಾ ನಹೀಂ ಕ್ಯಾ?" ಎಂದರು. ರುಚಿ ನೋಡಲಿಲ್ಲವೇ ಎಂದು ನನ್ನನ್ನು! ಅವತ್ತಿನಿಂದ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಬಚ್ಚಲಿಗೆ ಉಗುಳತೊಡಗಿದೆ. ಸಿಕ್ಕಿಬಿದ್ದೆ. ಯಾಕೆ ತಿನ್ನುವುದಿಲ್ಲ, ಯಾಕೆ ತಿನ್ನುವುದಿಲ್ಲ ಎಂದು ಮನೆಯವರೆಲ್ಲ ಗದರಿದರು. ಅದು ಉತ್ತರ ಬೇಕಾಗಿದ್ದ ಪ್ರಶ್ನೆಯಾಗಿರಲಿಲ್ಲ, ಹಾಗಾಗಿ ನಾನೂ ಹೇಳಲಿಲ್ಲ. ಆ ನಾಲಿಗೆ ಹೋದರೆ ಆ ಮನೆಯಲ್ಲಿ, ಆ ಹೋಟೆಲಿನಲ್ಲಿ ನಾನು ಯಾರು?

ಮುಂದಿನದು ಅತ್ತಿಗೆ ನನಗೆ ಬಹಳ ದಿನಗಳ ನಂತರ ಹೇಳಿದ್ದು. ಅಣ್ಣ ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಕೈ ಮುಗಿದನಂತೆ. ಅವರು ಒಂದು ಸಣ್ಣ ಬಾಟಲಿ ಬರೆದುಕೊಟ್ಟರಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಏನಾದರೂ ಕುಡಿಯುವುದರಲ್ಲಿ ಹನಿ ಹಾಕಿ ಕೊಡಿ, ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ ಎಂದರಂತೆ. ಮನೆಗೆ ಬಂದು ಬಾಟಲಿಯನ್ನು ಊಟದ ಟೇಬಲ್ಲಿನ ಮೇಲಿಟ್ಟಾಗ ಅಣ್ಣನಿಂದ ಅದನ್ನು ಮುಟ್ಟಲಾಗಲಿಲ್ಲ.

"ಹೇಳೇ ಕೊಡೂಣ್ರಿ ಅತ್ತಿ. ಹೇಳಲಾರದ ಕೊಡೂದು ಬ್ಯಾಡ. ಆಕೀಗೆ ಗೊತ್ತಾದ್ರ ಮುಂದ ನಮ್ಮ ಕೈಯಾಂದು ಏನೂ ತಿನ್ನೂದಿಲ್ಲ" ಎಂದರಂತೆ ಅತ್ತಿಗೆ.

"ಹೇಳಿದ್ರೆ ಕುಡೀತಾಳಾ?" ಎಂದು ಕೇಳಿದಳಂತೆ ಅಮ್ಮ. ಆಮೇಲೆ ಬಾಟಲಿಯನ್ನು ತಾನೇ ಎತ್ತಿಕೊಂಡಳಂತೆ. "ಹಾಗಾದ್ರೆ ನಾನು ಹಾಕ್ತೇನೆ. ನೀವು ಯಾರೂ ಮುಟ್ಟುವುದು ಬೇಡ. ಆ ಪಾಪ ನನ್ನ ಮೇಲೆಯೇ ಇರ್ಲಿ."

ಒಂದು ಮಾತು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆ ಹನಿ ಕೆಲಸ ಮಾಡಿತು. ನಾನು ಮಲಗಿದರೆ ನಿದ್ದೆ ಬರತೊಡಗಿತು. ಇಡ್ಲಿ ಬರೀ ಇಡ್ಲಿಯಾಯಿತು, ಫ್ಯಾನು ಬರೀ ಫ್ಯಾನಾಯಿತು. ಮಾತ್ರೆ ಬಿಟ್ಟಿದ್ದರಿಂದಲೇ ಚೇತರಿಸಿಕೊಂಡೆ ಎಂದು ನಾನು ನಂಬಿದ್ದೆ, ಮನೆಯಲ್ಲಿ ಎಲ್ಲರಿಗೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದೆ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅಮ್ಮನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂದಿತ್ತು. ಮಧ್ಯಾಹ್ನ ಊಟದ ಕೊನೆಗೆ ಇಂಗು ಕರಿಬೇವಿನ ಒಗ್ಗರಣೆಯ ಮಜ್ಜಿಗೆ ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ಕೂತು ನಗುತ್ತಿದ್ದಳು. ಮಗಳ ಮೇಲೆ ಪ್ರೀತಿ ಉಕ್ಕಿ ಬಂದಿದೆ ಎಂದುಕೊಂಡಿದ್ದೆ. ಅದು ಪ್ರೀತಿಯೂ ಆಗಿತ್ತು ಎನ್ನುವುದೇ ನನ್ನನ್ನು ಈಗ ಹೆಚ್ಚು ಅಳಿಸುತ್ತದೆ.

ನನಗೆ ಗೊತ್ತಾದದ್ದು ನಾಲಿಗೆಯಿಂದಲ್ಲ, ಕಣ್ಣಿನಿಂದ. ಅಮ್ಮ ಪಾತ್ರೆಯ ಮಜ್ಜಿಗೆಯನ್ನು ಅಂಗೈಗೆ ಬಿಟ್ಟು ನೋಡಿ ಎಲ್ಲರ ಲೋಟಕ್ಕೂ ಸುರಿಯುತ್ತಿದ್ದಳು. ನನ್ನ ಲೋಟ ಮಾತ್ರ ಮೊದಲೇ ತುಂಬಿ ಬದಿಯಲ್ಲಿ ಇರುತ್ತಿತ್ತು. ಅದನ್ನು ಅವಳು ರುಚಿ ನೋಡುತ್ತಿರಲಿಲ್ಲ. ಹೋಟೆಲಿನವಳಿಗೆ ಇದು ಕಾಣದೆ ಹೋಗುತ್ತದೆಯೇ? ಒಂದು ಸಲ ಕಂಡಿತು, ಮರೆವು ಎಂದುಕೊಂಡೆ. ಮರುದಿನವೂ ಕಂಡಿತು. ಆಮೇಲೆ ಊಟಕ್ಕೆ ಕೂತರೆ ಬೇರೇನೂ ಕಾಣದಾಯಿತು.

ಒಂದು ಮಧ್ಯಾಹ್ನ ಲೋಟವನ್ನು ಕೈಯಲ್ಲಿ ಹಿಡಿದು ಕೇಳಿಯೇಬಿಟ್ಟೆ.

"ಅಮ್ಮಾ, ಇದರ ರುಚಿ ನೋಡಿದ್ಯಾ?"

"ನೋಡಿದೆ."

"ಯಾವಾಗ? ನಾನು ಇಲ್ಲಿಯೇ ಇದ್ದೆನಲ್ಲ."

"ಎಲ್ಲ ಒಂದೇ ಪಾತ್ರೆಯದ್ದು ಮಾರಾಯ್ತಿ. ನಿನ್ನದಕ್ಕೆ ಬೇರೆ ನೋಡ್ಲಿಕ್ಕೆ ಎಂತ ಉಂಟು?"

"ಹಾಗಾದ್ರೆ ಇದನ್ನು ನೀನೇ ಕುಡಿ."

ಅಮ್ಮ ಲೋಟ ನೋಡಿದಳು, ನನ್ನನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಬಾಯಿಂದ "ಅತ್ತೀ, ಬ್ಯಾಡ್ರೀ!" ಎಂದು ಹೊರಬಿತ್ತು. ಆ ಒಂದು ಮಾತಿನಲ್ಲಿ ನನಗೆ ತಿಳಿಯಬೇಕಾದದ್ದೆಲ್ಲ ತಿಳಿದುಹೋಯಿತು. ಅಮ್ಮ ಅಲ್ಲಿಗೇ ನಿಲ್ಲಿಸಬಹುದಿತ್ತು. ಹೌದು ಮಗಾ, ಮದ್ದು ಹಾಕಿದ್ದೇನೆ ಎನ್ನಬಹುದಿತ್ತು. ಆದರೆ ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಅಷ್ಟನ್ನೂ ಕುಡಿದಳು. ಸೆರಗಿನಲ್ಲಿ ತುಟಿ ಒರೆಸಿಕೊಂಡು, "ಈಗ ಸಮಾಧಾನ ಆಯ್ತಾ?" ಎಂದಳು.

ಸ್ವಲ್ಪ ಹೊತ್ತಿಗೆ ಅವಳ ಮಾತು ತೊದಲಿತು. ತಟ್ಟೆ ಎತ್ತಲು ಹೋದವಳು ಅಲ್ಲೇ ಕುರ್ಚಿ ಹಿಡಿದು ಕೂತಳು. ಅತ್ತಿಗೆ ಅವಳನ್ನು ತಬ್ಬಿ ಎಬ್ಬಿಸಿ ಮಲಗಿಸಿದರು, ಡಾಕ್ಟರಿಗೆ ಫೋನು ಮಾಡಿದರು. ಅವರು ಹೆದರಬೇಡಿ, ನಿದ್ದೆ ಮಾಡಲಿ, ಏಳಲಾಗದಿದ್ದರೆ ಕರೆತನ್ನಿ ಎಂದರು. ಜ್ವರ ಬಂದರೂ ಹಗಲು ಮಲಗದ ನನ್ನ ಅಮ್ಮ ಬಾಯಿ ಅರೆ ತೆರೆದು, ಕೂದಲು ಕೆದರಿಕೊಂಡು, ಮರುದಿನದ ತನಕ ಹಾಗೆಯೇ ಬಿದ್ದುಕೊಂಡಿದ್ದಳು. ಎದ್ದಮೇಲೂ ಗೋಡೆ ಹಿಡಿದೇ ನಡೆದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಪ್ರಮಾಣ ನನ್ನ ಮೈಗೆ ಒಗ್ಗಿತ್ತು, ಅವಳ ವಯಸ್ಸಿನ ಮೈಗೆ ಒಗ್ಗಿರಲಿಲ್ಲ ಎಂದು ಈಗ ತಿಳಿಯುತ್ತದೆ. ನನ್ನ ಸಂಶಯ ಕಳೆಯಲು ಅವಳು ಅದನ್ನು ಕುಡಿದಳು ಎಂದೂ ಈಗ ತಿಳಿಯುತ್ತದೆ. ಆವತ್ತು ತಿಳಿದದ್ದು ಇಷ್ಟೇ: ಎಲ್ಲವೂ ನಿಜ. ಊಟದಲ್ಲಿ ಬೆರೆಸುತ್ತಿದ್ದದ್ದು ನಿಜವಾದರೆ, ಫ್ಯಾನು ಮಾತಾಡಿದ್ದೂ ನಿಜ, ವೇಟರುಗಳ ಸಂಚೂ ನಿಜ. ನನ್ನನ್ನು ಹುಚ್ಚಿ ಎಂದವರೇ ಸುಳ್ಳರು.

ಊಟ ಬಿಟ್ಟೆ. ಮನೆಯ ನೀರೂ ಬಿಟ್ಟೆ. ಸ್ಟೇಷನ್ನಿನಲ್ಲಿ ಬಾಟಲಿ ಕೊಂಡು ಮುಚ್ಚಳದ ಸೀಲು ತಿರುಗಿಸಿ ತಿರುಗಿಸಿ ನೋಡಿ ಕುಡಿಯುತ್ತಿದ್ದೆ. ಆಮೇಲೆ ಅದರ ಮೇಲೂ ನಂಬಿಕೆ ಹೋಯಿತು. ಅಮ್ಮ ತಟ್ಟೆ ಹಿಡಿದು ಬಾಗಿಲ ಹೊರಗೆ ಕೂತು ಅಳುತ್ತಿದ್ದಳು. ಒಳಗಿನಿಂದ ನಾನು ಅವಳಿಗೆ ಏನೇನು ಅಂದೆನೋ ಅದನ್ನು ಇಲ್ಲಿ ಬರೆಯಲಾರೆ.

ಹಾಗೆಯೇ ಒಂದು ಬೆಳಿಗ್ಗೆ ಬೈಕುಲ್ಲಾಕ್ಕೆ ಹೋಗಿ, ಅಪ್ಪ ಕಟ್ಟಿದ ಹೋಟೆಲಿನ ಬಾಗಿಲಲ್ಲಿ ನಿಂತು, "ಯಹಾಂ ಮತ್ ಖಾವೋ, ಮಿಲಾತೇ ಹೈಂ!" ಎಂದು ಕೂಗತೊಡಗಿದೆ. ಇಲ್ಲಿ ತಿನ್ನಬೇಡಿ, ಬೆರೆಸುತ್ತಾರೆ ಎಂದು. ದಿನಾ ಬರುವ ಗಿರಾಕಿಗಳು ಕೈಯಲ್ಲಿ ತುತ್ತು ಹಿಡಿದು ಹಾಗೆಯೇ ಕೂತರು. ಅಣ್ಣ ಗಲ್ಲಾದಿಂದ ಎದ್ದು ಬಂದ. ಹೊಡೆಯಲಿಲ್ಲ, ಬೈಯಲಿಲ್ಲ, "ವನಿತಾ, ಬಾ ಒಳಗೆ, ಬಾ" ಎಂದು ಬೇಡಿಕೊಂಡ. ನಾನು ಬಿಸಿ ಸಾಂಬಾರಿನ ಬಕೆಟು ಎಳೆದು ಬೀದಿಗೆ ಚೆಲ್ಲಲು ಹೋದೆ. ಅದು ನನ್ನ ಪಾದದ ಮೇಲೇ ಬಿತ್ತು. ಚರ್ಮ ಎದ್ದು ಬಂದದ್ದನ್ನು ಕಂಡು ಇತರರು ಕಿರುಚಿದರು, ನನಗೆ ಉರಿ ತಿಳಿಯಲಿಲ್ಲ.

ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ನನ್ನ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಅತ್ತಿಗೆ. ಅಮ್ಮ ದೂರದಲ್ಲಿ, ಕಂಬದ ಹತ್ತಿರ, ಮಡಿಲಲ್ಲಿ ಗಂಜಿಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅಷ್ಟೆಲ್ಲ ಆದಮೇಲೂ ಗಂಜಿ ತಂದಿದ್ದಳು. ಡಾಕ್ಟರು ಮರಾಠಿ ಹೆಂಗಸು, ಕಾಲಿಗೆ ಓಡುವವರ ಬೂಟು ಹಾಕಿಕೊಂಡಿದ್ದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ತಾಳಿ ಎಂದು ಸನ್ನೆ ಮಾಡಿ, ಸ್ಟೂಲು ಎಳೆದು ನನ್ನ ಎದುರಿಗೆ ಕೂತರು. ಎಲ್ಲಿದ್ದೀರಿ ಗೊತ್ತೇ, ಪಾದಕ್ಕೆ ಏನಾಗಿದೆ, ಹೀಗೇ ಊಟ ನೀರು ಬಿಟ್ಟರೆ ಏನಾಗಬಹುದು ಎಂದು ಕೇಳಿದರು. ನನಗೇನೂ ಆಗುವುದಿಲ್ಲ, ತಿಂದರೆ ಸಾಯುತ್ತೇನೆ ಎಂದೆ. ನಿಮ್ಮ ಜೀವಕ್ಕೆ ಅಪಾಯವಿದೆ, ಒಂದು ಇಂಜೆಕ್ಷನ್ ಕೊಡಬೇಕು, ಒಪ್ಪುತ್ತೀರಾ ಎಂದರು. ಇಲ್ಲ ಎಂದೆ. ಮತ್ತೊಮ್ಮೆ ಬಿಡಿಸಿ ಹೇಳಿ ಮತ್ತೊಮ್ಮೆ ಕೇಳಿದರು. ಸೂಜಿಯ ಟ್ರೇಗೆ ಕೈ ಬೀಸಿದೆ.

"ನೀವು ಬೇಡ ಅಂದಿದ್ದು ನನಗೆ ಕೇಳಿಸಿದೆ" ಎಂದು ಅವರು ಹಿಂದಿಯಲ್ಲಿ ಹೇಳಿದರು. "ಆದರೂ ಕೊಡುತ್ತಿದ್ದೇನೆ. ನಿಮಗೆ ಹೇಳಿಯೇ ಕೊಡುತ್ತೇನೆ, ಬಚ್ಚಿಟ್ಟು ಅಲ್ಲ. ಇದು ನಿದ್ದೆ ಬರಿಸುತ್ತದೆ. ಎಡಗೈಗೆ ಚುಚ್ಚುತ್ತೇನೆ."

ಆಮೇಲೆ ನನ್ನನ್ನು ಹಿಡಿದರು. ಅಣ್ಣನ ಕೈಯೂ ಅದರಲ್ಲಿತ್ತು. ನಾನು ಅವನನ್ನು ಕಚ್ಚಿದೆ, ಗುರುತು ಇನ್ನೂ ಇದೆ. ಎಡಗೈಗೆ ಎಂದಿದ್ದರು, ಎಡಗೈಗೇ ಚುಚ್ಚಿದರು. ಹೇಳಿದ ಹಾಗೆಯೇ ನಿದ್ದೆ ಬಂತು. ಬಹಳ ಕಾಲದ ಮೇಲೆ ಒಬ್ಬರು ನನಗೆ ಹೇಳಿದ್ದೂ ಮಾಡಿದ್ದೂ ಒಂದೇ ಆಗಿತ್ತು.

ವಾರ್ಡಿನಲ್ಲಿ ಬಹಳ ದಿನ ಇದ್ದೆ. ಅತ್ತಿಗೆ ದಿನಾ ಬಂದು ಬಾಳೆಹಣ್ಣು, ಮೂಸಂಬಿ, ಚಿಪ್ಪು ಬಿಡಿಸದ ಬೇಯಿಸಿದ ಮೊಟ್ಟೆ ಇಟ್ಟು ಹೋಗುತ್ತಿದ್ದರು. "ಎಲ್ಲಾ ಸಿಪ್ಪಿ ಇರೋವ ತಂದೀನಿ ವನಿತಾ. ಇದರಾಗ ಯಾರೂ ಏನೂ ಬೆರಸಾಕ ಆಗೂದಿಲ್ಲ. ನೀನಽ ಸುಲಕೊಂಡು ತಿನ್ನು" ಎಂದರು ಮೊದಲ ದಿನ. ನಾನು ಮೊಟ್ಟೆಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದರೆ ಅವರು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ನನ್ನ ಜೀವ ಉಳಿಸಿದ್ದು ಇಂಜೆಕ್ಷನ್ನೋ ಬಾಳೆಹಣ್ಣೋ ಎಂದು ಕೇಳಿದರೆ ಎರಡೂ ಎನ್ನುತ್ತೇನೆ.

ತಲೆ ತಿಳಿಯಾಗುತ್ತಾ ಬಂದಾಗ ಡಾಕ್ಟರು ಒಂದು ಪ್ರಶ್ನೆ ಕೇಳಿದರು: ಮೊದಲಿನ ಮಾತ್ರೆ ಯಾಕೆ ಬಿಟ್ಟಿರಿ? ನಾಲಿಗೆ ಹೋಯಿತು, ನನ್ನ ಕೆಲಸವೇ ನಾಲಿಗೆ ಎಂದೆ. ಅವರು ನಗಲಿಲ್ಲ. ಬೇರೆ ಮಾತ್ರೆ ಇದೆ, ನೋಡೋಣ ಎಂದರು. ಅದು ಒಗ್ಗಿತು. ಒಂದು ದಿನ ಪಕ್ಕದ ಮಂಚದ ಹೆಂಗಸು ತನ್ನ ಲಿಂಬೆ ಉಪ್ಪಿನಕಾಯಿಯ ಒಂದು ಹೋಳು ಕೊಟ್ಟಳು. ಲಿಂಬೆ ಎಳೆಯದು, ಬೇಗ ಕಿತ್ತಿದ್ದಾರೆ ಎಂದು ನಾಲಿಗೆ ಹೇಳಿತು. ಜೋರಾಗಿ ಅತ್ತುಬಿಟ್ಟೆ. ಇಷ್ಟನ್ನು ಯಾರಾದರೂ ಮೊದಲೇ ಕೇಳಿದ್ದರೆ ಬಾಟಲಿಯೂ ಬರುತ್ತಿರಲಿಲ್ಲ, ಲೋಟವೂ ಬರುತ್ತಿರಲಿಲ್ಲ.

ಬಿಡುಗಡೆಗೆ ಮುಂಚೆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಮಾತಾಡಿದರು. ನನ್ನ ಒಪ್ಪಿಗೆಯಿಲ್ಲದೆ ನನಗೆ ಹೇಗೆ ಮದ್ದು ಕೊಟ್ಟಿರಿ ಎಂದು ನಾನೇ ಕೇಳಿದ್ದೆ, ಜಗಳಕ್ಕಲ್ಲ. ಅವರು ವಕೀಲರ ಹಾಗೆ ಹೇಳಲಿಲ್ಲ. ಒಪ್ಪಿಗೆ ಬೇಕೇ ಬೇಕು ಎನ್ನುವುದು ಕಾನೂನಿನ ಮೊದಲ ಮಾತು. ಆದರೆ ಜೀವಕ್ಕೆ ಅಪಾಯವಿದ್ದು, ತನಗೋ ಇತರರಿಗೋ ಗಂಭೀರ ಹಾನಿ ಮಾಡಿಕೊಳ್ಳುವ ಹೊತ್ತಿದ್ದು, ಆ ಮನುಷ್ಯನಿಗೆ ನಿರ್ಧರಿಸುವ ಶಕ್ತಿ ಇಲ್ಲದಾಗ, ತುರ್ತಿನಲ್ಲಿ ಮನೆಯವರ ಒಪ್ಪಿಗೆ ಪಡೆದು ಕೊಡಬಹುದು, ಅದೂ ಕೆಲವೇ ದಿನದ ಮಟ್ಟಿಗೆ. ಅದಕ್ಕಿಂತ ಮುಂದೆ ಇಟ್ಟುಕೊಳ್ಳಬೇಕಾದರೆ ಒಬ್ಬರಲ್ಲ, ಇಬ್ಬರು ಪರೀಕ್ಷಿಸಬೇಕು. ಈಗ ಈಕೆ ತಾನೇ ನಿರ್ಧರಿಸಬಲ್ಲಳೇ ಎಂದು ವಾರವಾರವೂ ನೋಡಬೇಕು. ಬಲ್ಲಳು ಎಂದಾದ ದಿನ ಅವಳ ಮಾತೇ ಮಾತು.

"ಮತ್ತೆ ಮಜ್ಜಿಗೆಯಲ್ಲಿ ಹನಿ ಹಾಕಲು ಯಾವ ಕಾನೂನು?" ಎಂದು ಕೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕೆ ಯಾವುದೂ ಇಲ್ಲ" ಎಂದರು. "ಬರೆದುಕೊಟ್ಟವರೂ ಹಾಗೆ ಬರೆದುಕೊಡಬಾರದಿತ್ತು."

ಅಣ್ಣ ತಲೆ ತಗ್ಗಿಸಿದ. ಅಮ್ಮನಿಗೆ ಹಿಂದಿ ಚೆನ್ನಾಗಿ ತಿಳಿಯುತ್ತದೆ. ಅವಳು ನನ್ನನ್ನೂ ನೋಡದೆ, ಡಾಕ್ಟರನ್ನೂ ನೋಡದೆ ಕನ್ನಡದಲ್ಲಿ ಹೇಳಿದಳು. "ಅವರಿಗೆ ಸೂಜಿ ಹಾಕ್ಲಿಕ್ಕೆ ಕಾನೂನು ಉಂಟು, ಹಿಡೀಲಿಕ್ಕೆ ಜನ ಉಂಟು. ನನ್ನ ಹತ್ರ ಎಂತ ಇತ್ತು? ಮಜ್ಜಿಗೆ ಇತ್ತು."

ಮನೆಗೆ ಬಂದ ಮೇಲೆ ಅಣ್ಣ ನನಗೆ ಬೇರೆ ಸ್ಟವ್ ತಂದುಕೊಟ್ಟ. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಅಮ್ಮನೂ ನಾನೂ ಬೇರೆ ಬೇರೆ ಅನ್ನ ಮಾಡಿಕೊಂಡೆವು. ಅಮ್ಮ ನನಗೆ ಬಡಿಸಲು ಬರಲಿಲ್ಲ. ನಾನು ಮಾಡಿದ್ದರಲ್ಲಿ ಒಂದು ಸೌಟು ಮಾತ್ರ ದಿನಾ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದಳು, ನನ್ನ ಕೈಯಿಂದ ಏನೂ ಅನುಮಾನವಿಲ್ಲದೆ. ಒಂದು ದಿನ ತಡೆಯಲಾರದೆ ಕೇಳಿದೆ.

"ನನಗೆ ಮತ್ತೆ ಹಾಗೆ ಆದ್ರೆ ಎಂತ ಮಾಡ್ತಿ ಅಮ್ಮ?"

ಅವಳು ತುತ್ತು ನುಂಗಿ ನಿಧಾನವಾಗಿ ಹೇಳಿದಳು. "ಮತ್ತೆ ಹಾಕ್ತೇನೆ. ನಿನ್ನ ಹತ್ರ ಇನ್ನು ಸುಳ್ಳು ಹೇಳುದಿಲ್ಲ. ನೀನು ಊಟ ಬಿಟ್ಟು ಒಣಗುದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀನು ನನ್ನ ಮೋರೆ ನೋಡದಿದ್ರೂ ಅಡ್ಡಿಲ್ಲ, ಜೀವ ಇರ್ಲಿ."

ಅವಳು ಕ್ಷಮೆ ಕೇಳುತ್ತಾಳೆ ಎಂದು ನಾನು ಎಷ್ಟು ಕಾಲದಿಂದ ಕಾದಿದ್ದೆ! ಕೇಳಿದ್ದರೆ ಅದೇ ಕ್ಷಣ ಅವಳ ತಟ್ಟೆಯಿಂದಲೇ ಉಣ್ಣುತ್ತಿದ್ದೆನೇನೋ. ಅವಳು ಕೇಳಲಿಲ್ಲ. ಅವಳು ನಿಜ ಹೇಳಿದಳು, ನಿಜ ಕೇಳಬೇಕೆಂದು ಹಟ ಹಿಡಿದವಳು ನಾನೇ. ಆ ಮಧ್ಯಾಹ್ನ ನನ್ನ ಅನ್ನವೂ ತಟ್ಟೆಯಲ್ಲೇ ಆರಿಹೋಯಿತು.

ಬುದ್ಧಿ ನೆಟ್ಟಗಿರುವಾಗಲೇ, ಮುಂದೆ ಅದು ಕೈಕೊಟ್ಟರೆ ನನಗೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂದು ಬರೆದಿಡಬಹುದು, ನನ್ನ ಪರವಾಗಿ ಮಾತಾಡುವವರನ್ನು ನಾನೇ ಆರಿಸಬಹುದು ಎಂದು ಡಾಕ್ಟರು ಹೇಳಿದ್ದರು. ತುರ್ತಿನ ಹೊತ್ತಿಗೆ ಅದು ಅಡ್ಡ ಬರುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಈ ಮಳೆಗಾಲದಲ್ಲಿ ಒಂದು ಭಾನುವಾರ ಬರೆಯಲು ಕೂತೆ. ನನ್ನ ಪರವಾಗಿ ಮಾತಾಡುವವರು ಶೋಭಾ ಅತ್ತಿಗೆ ಎಂದು ಬರೆದೆ. ಅಮ್ಮ ಅಲ್ಲಿಯೇ ಸೊಪ್ಪು ಬಿಡಿಸುತ್ತಿದ್ದಳು, ಕೈ ಒಂದು ಕ್ಷಣ ನಿಂತು ಮತ್ತೆ ಬಿಡಿಸತೊಡಗಿತು. ಅಗತ್ಯ ಬಿದ್ದರೆ ಇಂಜೆಕ್ಷನ್ ಕೊಡಿ ಎಂದು ಬರೆದೆ. ಕೊಡುವ ಮೊದಲು ನನಗೆ ಹೇಳಿ, ನಾನು ಕಿರುಚಿದರೂ ಹೇಳಿ ಎಂದು ಬರೆದೆ. ನನ್ನ ಊಟ ನೀರಿನಲ್ಲಿ ಯಾರೂ ನನಗೆ ತಿಳಿಸದೆ ಮದ್ದು ಬೆರೆಸಬಾರದು ಎಂದು ಬರೆದೆ.

ಸಾಕ್ಷಿಗೆ ಇಬ್ಬರು ಬೇಕಿತ್ತು. ಅಣ್ಣ ಸಹಿ ಹಾಕಿದ. ಇನ್ನೊಬ್ಬರಿಗೆ ಪಕ್ಕದ ಮನೆಯವರನ್ನು ಕರೆಯಲು ಅತ್ತಿಗೆ ಎದ್ದರು.

"ಅವರನ್ನು ಎಂತಕ್ಕೆ? ನಾನಿಲ್ವಾ?" ಎಂದಳು ಅಮ್ಮ. ಕೈ ತೊಳೆದು ಬಂದು ಕೂತಳು. "ಮೊದಲು ಓದು."

ಓದಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಕೊನೆಯ ಸಾಲು ಮುಗಿದಾಗ ಕಣ್ಣು ತೆರೆದಳು.

"ಅದರಲ್ಲಿ ನನ್ನ ಹೆಸರು ಉಂಟಾ?"

"ಇಲ್ಲಮ್ಮ. ಯಾರೂ ಹಾಕಬಾರದು ಅಂತ ಮಾತ್ರ ಉಂಟು."

"ಹಾಗಲ್ಲ. ನನ್ನ ಹೆಸರು ಹಾಕು."

"ಅಮ್ಮಾ, ಯಾರೂ ಅಂದ್ರೆ ಎಲ್ಲರೂ ಬಂದ ಹಾಗಾಯ್ತು."

"ಯಾರೂ ಅಂದ್ರೆ ನಾನು ನನ್ನನ್ನು ಅದರಲ್ಲಿ ಲೆಕ್ಕ ಹಿಡಿಯುದಿಲ್ಲ ಮಗಾ. ನಾನು ಯಾರೋ ಅಲ್ಲ, ನಿನ್ನ ತಾಯಿ ಅಂತ ಹೇಳಿಕೊಂಡು ಹಾಕಿಬಿಡ್ತೇನೆ. ನನ್ನನ್ನು ನನಗೆ ಗೊತ್ತುಂಟು. ಹೆಸರು ಹಾಕು. ಹೆಸರಿದ್ರೆ ಕೈ ತಡೀತದೆ."

ಅಣ್ಣ ಎದ್ದು ಬಾಲ್ಕನಿಗೆ ಹೋದ. ನಾನು ಪೆನ್ನು ತೆಗೆದುಕೊಂಡೆ. ನನ್ನ ತಾಯಿ ಲೀಲಾವತಿಯೂ ಬೆರೆಸಬಾರದು ಎಂದು ಬರೆದೆ. ಅಕ್ಷರ ಸೊಟ್ಟವಾಯಿತು. ಅಮ್ಮ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಬೆರಳಿಟ್ಟು ಆ ಸಾಲನ್ನು ತಾನೇ ಒಮ್ಮೆ ಓದಿ, ಅದರ ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು.

"ಇನ್ನು ನನ್ನ ಕೈಯ ಊಟ ಮಾಡ್ತೀಯಾ?" ಎಂದು ಕೇಳಿದಳು.

ಮಾಡುತ್ತೇನೆ ಎನ್ನಬೇಕೆಂದು ನನಗೆಷ್ಟು ಆಸೆಯಿತ್ತು! ಕಾಗದವನ್ನು ಮಡಚತೊಡಗಿದೆ.

"ಅಡ್ಡಿಲ್ಲ. ಕೇಳಿದೆ ಅಷ್ಟೇ" ಎಂದು ಹೇಳಿ ಅಡುಗೆಮನೆಗೆ ಹೋದಳು. ಅಕ್ಕಿಯ ಡಬ್ಬ ತೆರೆದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಅವಳ ದನಿ ಬಂತು. "ನಿನಗೂ ಸೇರಿಸಿ ಇಡ್ತೇನೆ. ಉಣ್ಣದಿದ್ರೂ ಅಡ್ಡಿಲ್ಲ."